ನಾಯಕರ ತರಬೇತಿಗೆ ಪಠ್ಯಕ್ರಮವೋ, ಪ್ರಾರ್ಥನೆಯ ಕೋಣೆಯೋ? ನಮ್ಮ ಸಭೆಯ ಜಗಳಕ್ಕೆ ನಿಮ್ಮ ಮಾತು ಬೇಕು

ಕಾರಂಜಾ ದಂಡೆ (ಭಾಲ್ಕಿ)
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಭಾಲ್ಕಿ ತಾಲ್ಲೂಕಿನ ಒಂದು ಮೆಥಡಿಸ್ಟ್ ಸಭೆ. ಸಭಾಪಾಲಕರು ಒಬ್ಬರೇ, ಹಳ್ಳಿಗಳು ಹಲವು. ಅಯ್ಯನವರು ಒಂದೂರಿನಲ್ಲಿ ಆರಾಧನೆ ನಡೆಸುವ ಭಾನುವಾರ ಪಕ್ಕದ ಊರಿನ ಗುಡಿಗೆ ಬೀಗ. ಅದಕ್ಕಾಗಿ ನಾಲ್ವರು ಯುವಕರನ್ನು ಆರಿಸಿ, ಒಂದು ವರ್ಷ ತರಬೇತಿ ಕೊಟ್ಟು, ಹಳ್ಳಿಯ ಆರಾಧನೆ ಮತ್ತು ಮನೆಕೂಟಗಳನ್ನು ಅವರಿಗೆ ವಹಿಸಬೇಕೆಂದು ಕಮಿಟಿಯಲ್ಲಿ ತೀರ್ಮಾನವಾಯಿತು. ಅಲ್ಲಿಯವರೆಗೆ ಎಲ್ಲರದೂ ಒಂದೇ ದನಿ. ‘ಎಂಥ ತರಬೇತಿ?’ ಎಂಬ ಪ್ರಶ್ನೆ ಬಂದ ಕೂಡಲೇ ಕಮಿಟಿ ಎರಡಾಯಿತು.

ಒಂದು ಪಕ್ಷದವರು ಪಟ್ಟಿ ಮಾಡಿಕೊಂಡೇ ಬಂದಿದ್ದರು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭೆಯ ಇತಿಹಾಸ, ಪ್ರಸಂಗ ಮಾಡುವ ಕ್ರಮ, ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. ಇನ್ನೊಂದು ಪಕ್ಷದ ಹಿರಿಯರು ಎದ್ದು ನಿಂತು, ‘ಯೇಸು ಯಾರಿಗೆ ಪರೀಕ್ಷೆ ಇಟ್ಟನು? ಕರೆದನು, ಜೊತೆಗೆ ಇಟ್ಟುಕೊಂಡನು, ಕಳುಹಿಸಿದನು. ಕ್ರಿಸ್ತನ ಹತ್ತಿರ ಇಲ್ಲದವನಿಗೆ ಎಷ್ಟು ಓದಿಸಿದರೂ ವ್ಯರ್ಥ’ ಎಂದರು. ಅವರಿಗೆ ಬೇಕಾದದ್ದು ಮುಂಜಾನೆಯ ಪ್ರಾರ್ಥನೆ, ಉಪವಾಸ, ವಾಕ್ಯಧ್ಯಾನ. ಅಷ್ಟೇ.

ನಾನು ಕಾರ್ಯದರ್ಶಿ, ನಡಾವಳಿ ಬರೆಯುವವನು. ಮನಸ್ಸು ಆ ಹಿರಿಯರ ಕಡೆಗೇ ವಾಲುತ್ತದೆ. ಆದರೆ ‘ಕ್ರಿಸ್ತನ ಸಾಮೀಪ್ಯ’ ಎಂಬುದನ್ನು ವರ್ಷದ ಯೋಜನೆಯಲ್ಲಿ ಯಾವ ಸಾಲಿನಲ್ಲಿ ಬರೆಯಲಿ? ಅದು ಇದೆಯೋ ಇಲ್ಲವೋ ಎಂದು ನೋಡುವವರು ಯಾರು? ಹಿಂದೆ ‘ಬಹಳ ಪ್ರಾರ್ಥನೆಯ ಮನುಷ್ಯ’ ಎಂದು ಎಲ್ಲರೂ ಹೊಗಳಿ ಒಬ್ಬನಿಗೆ ಒಂದು ಹಳ್ಳಿಯನ್ನು ವಹಿಸಿದ್ದೆವು. ಕಾಣಿಕೆಯ ಲೆಕ್ಕ ಕೇಳಿದ ದಿನ ಆತ ಮುನಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ನಿಮ್ಮ ಕಡೆ ಇದನ್ನು ಹೇಗೆ ಮಾಡುತ್ತೀರಿ?

ವಾಡಿ ಜಂಕ್ಷನ್
ಉತ್ತರವನ್ನು ನಿಮ್ಮ ಹಿರಿಯರೇ ಕೊಟ್ಟಿದ್ದಾರೆ, ಮತ್ತೆ ಚರ್ಚೆ ಏಕೆ? ಅಪೊಸ್ತಲರ ಕೃತ್ಯಗಳು 4:13 ತೆಗೆಯಿರಿ. ಪೇತ್ರ ಯೋಹಾನರು ಓದಿದವರಲ್ಲ, ಸಾಧಾರಣ ಜನ ಎಂದು ನ್ಯಾಯಸಭೆಯವರಿಗೆ ತಿಳಿಯಿತು. ಇವರು ಯೇಸುವಿನ ಸಂಗಡ ಇದ್ದವರು ಎಂಬುದೂ ತಿಳಿಯಿತು. ಸಂಗಡ ಇದ್ದದ್ದೇ ಅವರ ಪದವಿ. ನಮ್ಮ ಸಭೆಯನ್ನು ಇಂದು ನಡೆಸುತ್ತಿರುವವರು ದರ್ಜಿ ಕೆಲಸ ಮಾಡುವ ಒಬ್ಬರು. ಏಳನೆಯ ತರಗತಿಯ ಮೇಲೆ ಓದಿಲ್ಲ. ಅವರು ಪ್ರಾರ್ಥಿಸಲು ನಿಂತರೆ ಕೂತವರ ಮೈ ಜುಮ್ಮೆನ್ನುತ್ತದೆ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಸಂಗಡ ಇದ್ದವರಲ್ಲಿ ಯೂದ ಇಸ್ಕರಿಯೋತನೂ ಒಬ್ಬ, ಅಣ್ಣ.

ವಾಡಿ ಜಂಕ್ಷನ್
ಅವನ ವಿಷಯ ಬೇರೆ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಹೇಗೆ ಬೇರೆ? ಅದೇ ಹಾದಿ ನಡೆದ, ಅದೇ ರೊಟ್ಟಿ ತಿಂದ, ಅದೇ ಬೋಧನೆ ಕೇಳಿದ. ಕರ್ತನು ಪಾದ ತೊಳೆದಾಗ ಅವನ ಪಾದವೂ ಅಲ್ಲಿತ್ತು. ಹಣದ ಚೀಲ ಅವನ ಹತ್ತಿರವೇ ಇತ್ತು, ಅದರಿಂದ ಕದಿಯುತ್ತಿದ್ದ ಎಂದು ಯೋಹಾನ 12:6 ಹೇಳುತ್ತದೆ. ಕಡೆಯ ಊಟದಲ್ಲಿ ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಎಂದಾಗ ಉಳಿದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಅವನತ್ತ ಬೆರಳು ತೋರಿಸಲಿಲ್ಲ, ‘ಕರ್ತನೇ, ನಾನೋ?’ ಎಂದು ತಮ್ಮನ್ನೇ ಕೇಳಿಕೊಂಡರು. ಅಷ್ಟು ಹತ್ತಿರ ಇದ್ದವರಿಗೇ ಗೊತ್ತಾಗಲಿಲ್ಲ. ನಮ್ಮ ಕಮಿಟಿಗಳಿಗೆ ಗೊತ್ತಾಗುತ್ತದೆಯೇ?

ಗುರುಮಠಕಲ್ ಗಡಿ
ಇದಕ್ಕೆ ಉತ್ತರ ಕೊಡಿ ವಾಡಿಯವರೇ. ಕಾಯುತ್ತಿದ್ದೇನೆ.

ಮಂಗಲಪೇಟೆ ಹಳೆಯವ (ಬೀದರ್)
ನಾನು ನಿವೃತ್ತ ಶಿಕ್ಷಕ, ಹುಟ್ಟು ಮೆಥಡಿಸ್ಟ್. ಈ ಜಗಳದಲ್ಲಿ ಎರಡೂ ಕಡೆಯವರು ನಮ್ಮ ಸಭೆಯ ಮೂಲಪುರುಷ ವೆಸ್ಲಿಯನ್ನು ಮರೆತಿದ್ದಾರೆ. ನಮ್ಮ ಸಭೆ ಹುಟ್ಟಿದ್ದೇ ಇದೇ ಪ್ರಶ್ನೆಯಿಂದ ಎಂದರೂ ತಪ್ಪಿಲ್ಲ.

ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿದವನು, ದೀಕ್ಷೆ ಪಡೆದ ಯಾಜಕ, ಗ್ರೀಕ್ ಬಲ್ಲವನು. ಅಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಉಪವಾಸ, ಸೆರೆಮನೆ ಭೇಟಿ ಎಲ್ಲವನ್ನೂ ಗಡಿಯಾರ ನೋಡಿ ಮಾಡುತ್ತಿದ್ದ. 1735ರಲ್ಲಿ ಅಮೆರಿಕದ ಜಾರ್ಜಿಯಕ್ಕೆ ಸೇವೆಗೆ ಹೊರಟ. ಹಡಗು ಬಿರುಗಾಳಿಗೆ ಸಿಕ್ಕಾಗ ಜರ್ಮನಿಯ ಮೊರೇವಿಯನ್ ಪಂಥದ ಜನ ಮಕ್ಕಳುಮರಿಗಳೊಂದಿಗೆ ಹಾಡುತ್ತ ಕೂತಿದ್ದರು, ಈತ ಹೆದರಿ ನಡುಗಿದ. ಜಾರ್ಜಿಯದಲ್ಲಿ ಸೋತು ಹಿಂದಿರುಗಿದ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕ್ರಿಸ್ತನ ಮೇಲಿನ ಭರವಸೆ ಅವನ ಎದೆಗೆ ಇಳಿಯಿತು. ಇಲ್ಲಿಯವರೆಗೆ ವಾಡಿಯವರಿಗೆ ಸಂತೋಷವಾಗುತ್ತದೆ.

ಮುಂದಿನದು ಕೇಳಿ. ಎದೆ ಬೆಚ್ಚಗಾದ ಆ ಮನುಷ್ಯನೇ ತನ್ನ ಬೋಧಕರಿಗೆ ದಿನಕ್ಕೆ 5 ಗಂಟೆ ಓದಬೇಕೆಂದು ನಿಯಮ ಮಾಡಿದ. ಅವರಲ್ಲಿ ಬಹುಮಂದಿ ಕಾಲೇಜಿನ ಮೆಟ್ಟಿಲು ಹತ್ತದವರು. ‘ನನಗೆ ಓದಿನ ರುಚಿಯಿಲ್ಲ’ ಎನ್ನುವವನಿಗೆ ಅವನ ಉತ್ತರ: ಓದಿ ಓದಿ ರುಚಿ ಹತ್ತಿಸಿಕೋ, ಇಲ್ಲವಾದರೆ ಹಳೆಯ ಕಸುಬಿಗೆ ಹಿಂದಿರುಗು.

ಇನ್ನು ಸಾಮೀಪ್ಯವನ್ನು ನೋಡುವವರು ಯಾರು ಎಂಬ ಪ್ರಶ್ನೆ. 1742ರಲ್ಲಿ ಬ್ರಿಸ್ಟಲ್‌ನ ಆರಾಧನಾ ಮನೆಯ ಮೇಲೆ ಸಾಲವಿತ್ತು. ವಾರಕ್ಕೆ ಒಬ್ಬೊಬ್ಬರಿಂದ ಒಂದು ಪೆನ್ನಿ ಎತ್ತೋಣ, ಹನ್ನೆರಡು ಜನಕ್ಕೆ ಒಬ್ಬ ಮುಖಂಡ ಇರಲಿ ಎಂದು ಮಾತಾಯಿತು. ಆ ಮುಖಂಡರು ಮನೆಮನೆಗೆ ಹೋದಾಗ ಒಬ್ಬ ಕುಡಿದು ಬಿದ್ದಿರುವುದು, ಇನ್ನೊಬ್ಬ ಹೆಂಡತಿಯನ್ನು ಹೊಡೆಯುವುದು ಎಲ್ಲವೂ ಕಣ್ಣಿಗೆ ಬಿತ್ತು. ಆಗ ಪೆನ್ನಿ ಹಿಂದೆ ಸರಿಯಿತು, ‘ನಿನ್ನ ಆತ್ಮ ಹೇಗಿದೆ?’ ಎಂಬ ಪ್ರಶ್ನೆ ಮುಂದೆ ಬಂತು. ಅದೇ ಕ್ಲಾಸ್ ಮೀಟಿಂಗ್. ವಾರಕ್ಕೊಮ್ಮೆ ನಿಮ್ಮನ್ನು ಬಲ್ಲ ಹನ್ನೊಂದು ಜನರ ಮುಂದೆ ಕೂತು ಉತ್ತರ ಹೇಳಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿಯೂ ಇಂಥ ಕೂಟಗಳು ನಡೆಯುತ್ತಿದ್ದವು ಎಂದು ಮನೆಯಲ್ಲಿ ಕೇಳಿದ್ದೇನೆ. ಈಗ ಉಳಿದಿರುವುದು ವಂತಿಗೆ ಎತ್ತುವುದು ಮಾತ್ರ. ವೆಸ್ಲಿ ಹಣದಿಂದ ಆತ್ಮಕ್ಕೆ ಹೋದ, ನಾವು ಆತ್ಮದಿಂದ ಹಣಕ್ಕೆ ಬಂದೆವು.

ಕಾರಂಜಾ ದಂಡೆ (ಭಾಲ್ಕಿ)
ಮಾಸ್ತರರೇ, ಕಡೆಯ ವಾಕ್ಯವನ್ನು ನಡಾವಳಿಯಲ್ಲಿ ಬರೆದರೆ ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯುತ್ತಾರೆ.

ವಾಡಿ ಜಂಕ್ಷನ್
ವೆಸ್ಲಿ ದೊಡ್ಡವನೇ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ದೇಶದವರನ್ನೂ ನೋಡಿ. ಸಾಧು ಸುಂದರ ಸಿಂಗ್ 1909ರಲ್ಲಿ ಲಾಹೋರಿನ ದೈವಶಾಸ್ತ್ರ ಶಾಲೆಗೆ ಸೇರಿದರು, ಕೆಲವು ತಿಂಗಳಲ್ಲೇ ಹೊರಬಂದರು, ಬೋಧಿಸಲು ಕೊಟ್ಟಿದ್ದ ಪರವಾನಗಿಯನ್ನೂ ಹಿಂದಿರುಗಿಸಿದರು. ನಮ್ಮ ವಾಡಿಯಿಂದ ಸೊಲ್ಲಾಪುರ ದಾಟಿ ಪುಣೆಗೆ ಹೋಗುವ ದಾರಿಯಲ್ಲಿ ಕೇಡಗಾಂವ್ ಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಆಶ್ರಮ ಅಲ್ಲಿದೆ. 1905ರಲ್ಲಿ ಅಲ್ಲಿ ಉಜ್ಜೀವನ, ಅಂದರೆ ಆತ್ಮಿಕ ಜಾಗೃತಿ, ಬಂದದ್ದು ಪಠ್ಯಪುಸ್ತಕದಿಂದ ಅಲ್ಲ. ವಿಧವೆಯರೂ ಅನಾಥ ಹುಡುಗಿಯರೂ ಮೊಣಕಾಲೂರಿದಾಗ ಬಂತು. ಆ ಹುಡುಗಿಯರ ತಂಡಗಳೇ ಊರೂರಿಗೆ ಸಾಕ್ಷಿ ಹೇಳಲು ಹೊರಟವು.

ಮಂಗಲಪೇಟೆ ಹಳೆಯವ (ಬೀದರ್)
ರಮಾಬಾಯಿಯವರ ಹೆಸರನ್ನು ನೀವೇ ತಂದದ್ದು ಒಳ್ಳೆಯದಾಯಿತು. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತೆಯ ಪಂಡಿತರು ‘ಸರಸ್ವತಿ’ ಎಂದು ಬಿರುದು ಕೊಟ್ಟ ಹೆಣ್ಣುಮಗಳು. ಆ ಉಜ್ಜೀವನ ಕಂಡ ಕಣ್ಣುಗಳೇ ಹೀಬ್ರೂ, ಗ್ರೀಕ್ ಓದಿದವು. ಇಡೀ ಬೈಬಲನ್ನು ಸಾಮಾನ್ಯ ಜನರ ಮರಾಠಿಗೆ ತರಲು ಆಕೆ ವರ್ಷಾನುಗಟ್ಟಲೆ ದುಡಿದು, 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೆಲಸ ಮುಗಿಸಿದರು. ಕೇಡಗಾಂವ್ ನಿಮ್ಮ ಪಕ್ಷದ ಸಾಕ್ಷಿಯಲ್ಲ, ನನ್ನ ಪಕ್ಷದ್ದು.

ವಾಡಿ ಜಂಕ್ಷನ್
ಸುಂದರ ಸಿಂಗರ ಬಗ್ಗೆ ಏನೂ ಹೇಳಲಿಲ್ಲ.

ಮಂಗಲಪೇಟೆ ಹಳೆಯವ (ಬೀದರ್)
ಸುಂದರ ಸಿಂಗರು ಸಭೆ ನಡೆಸಲಿಲ್ಲ, ಊರೂರು ತಿರುಗಿದರು. ಭಾಲ್ಕಿಯವರಿಗೆ ಬೇಕಾದದ್ದು ಭಾನುವಾರ ಬೀಗ ತೆಗೆಯುವವರು.

ಬಲ್ಮಠದ ಹುಡುಗ
ಯಾದಗಿರಿ ಜಿಲ್ಲೆಯವನು, ಈಗ ಮಂಗಳೂರಿನಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ವಿದ್ಯಾರ್ಥಿ. ಬಾಸೆಲ್ ಮಿಷನ್ನಿನವರು 1847ರಲ್ಲಿ ಇದೇ ಬಲ್ಮಠದ ಗುಡ್ಡದ ಮೇಲೆ ಉಪದೇಶಿಗಳಿಗೆ ಶಾಲೆ ತೆರೆದರು. ಈಗಿನ ಕಾಲೇಜು 1965ರದು. ನಮಗೆ ಪದವಿ ಕೊಡುವುದು ಸೆರಾಂಪುರದ ಸೆನೆಟ್. ಓದಿದವರ ಪರವಾಗಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಊರಿಗೆ ಬಂದಾಗಲೆಲ್ಲ ‘ಕಾಲೇಜಿಗೆ ಹೋದವನ ಪ್ರಾರ್ಥನೆ ತಣ್ಣಗಾಯಿತು’ ಎಂಬ ಮಾತನ್ನು ಕೇಳಿಸಿಕೊಳ್ಳುತ್ತೇನೆ.

ಮಾರ್ಕ 3:14ರಲ್ಲಿ ಯೇಸು ಹನ್ನೆರಡು ಮಂದಿಯನ್ನು ನೇಮಿಸಿದ್ದಕ್ಕೆ ಮೊದಲ ಕಾರಣ ‘ತನ್ನ ಸಂಗಡ ಇರಲಿ’ ಎಂಬುದು, ಸಾರುವುದಕ್ಕೆ ಕಳುಹಿಸುವುದು ಆಮೇಲಿನದು. ಒಪ್ಪುತ್ತೇನೆ. ಆದರೆ ಆ ‘ಸಂಗಡ’ದಲ್ಲಿ ಏನೆಲ್ಲ ನಡೆಯಿತು ನೋಡಿ. ಪರ್ವತದ ಮೇಲೆ ದೀರ್ಘ ಬೋಧನೆ, ಸಾಮ್ಯಗಳು (ದೃಷ್ಟಾಂತ ಕಥೆಗಳು), ಮನೆಯೊಳಗೆ ಕೂತು ಅವುಗಳ ವಿವರಣೆ, ತಪ್ಪಿದಾಗ ಗದರಿಕೆ, ಇಬ್ಬಿಬ್ಬರಾಗಿ ಹಳ್ಳಿಗಳಿಗೆ ಹೋಗಿ ಬಂದ ಮೇಲೆ ವರದಿ. ಅದು ಪಾಠವಲ್ಲದೆ ಮತ್ತೇನು? ಪೌಲನು ಧರ್ಮಶಾಸ್ತ್ರ ಪಂಡಿತ ಗಮಲಿಯೇಲನ ಪಾದದ ಬಳಿ ಕಲಿತವನು. ದಮಸ್ಕದ ದಾರಿಯಲ್ಲಿ ಕ್ರಿಸ್ತನನ್ನು ಕಂಡ ಮೇಲೆ ಆ ಕಲಿಕೆಯನ್ನು ಬಾವಿಗೆ ಎಸೆಯಲಿಲ್ಲ. ಮರಣ ಹತ್ತಿರವಾದಾಗ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಮೇಲಂಗಿಯ ಜೊತೆಗೆ ಪುಸ್ತಕಗಳನ್ನೂ ತರಲು ಹೇಳುತ್ತಾನೆ, ಮುಖ್ಯವಾಗಿ ಚರ್ಮದ ಕಾಗದಗಳನ್ನು. ಸೆರೆಯಲ್ಲಿ ಚಳಿಗೆ ನಡುಗುತ್ತಿದ್ದವನಿಗೂ ಪುಸ್ತಕ ಬೇಕಿತ್ತು.

ಕಾಲೇಜಿಗೆ ಹೋಗಿ ತಣ್ಣಗಾದವರು ಇದ್ದಾರೆ, ಸುಳ್ಳಲ್ಲ. ಮುಂಜಾನೆಯ ಆರಾಧನೆಗೆ ಹಾಜರಿಗಾಗಿ ಮಾತ್ರ ಬಂದು ಕೂರುವವರನ್ನು ನೋಡಿದ್ದೇನೆ. ಆದರೆ ಊರಿನಲ್ಲೇ ಉಳಿದು ತಣ್ಣಗಾದವರ ಎಣಿಕೆಯನ್ನು ಯಾರೂ ಇಟ್ಟಿಲ್ಲವಲ್ಲ?

ಗುರುಮಠಕಲ್ ಗಡಿ
ಓದಿಗೆ ನನ್ನ ತಕರಾರು ಇಲ್ಲ ತಮ್ಮ, ಓದಿ ಬಂದವರ ಭಾಷೆಗೆ ಇದೆ. ನಮ್ಮ ಕಡೆ ಓದುವ ಬೈಬಲು ಕನ್ನಡ, ಹಾಡು ಅರ್ಧ ತೆಲುಗು, ಸಂತೆಯಲ್ಲಿ ಉರ್ದು. ನವೆಂಬರಿನಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನ ಮೆಥಡಿಸ್ಟ್ ಜಾತ್ರೆಗೆ ಹೋದವರು ಹೊಸ ತೆಲುಗು ಹಾಡು ಕಲಿತೇ ಬರುತ್ತಾರೆ. ಬೆಂಗಳೂರಿನಲ್ಲಿ ಓದಿ ಬಂದ ಒಬ್ಬರು ನಮ್ಮೂರಿನ ಮುದುಕಿಯರ ಮುಂದೆ ‘ಕ್ರೈಸ್ತಶಾಸ್ತ್ರೀಯ ದೃಷ್ಟಿಕೋನ’ ಎಂದರು. ಮುಂದಿನ ವಾರ ಮುದುಕಿಯರು ಬರಲಿಲ್ಲ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಬೀದರ್ ಕಡೆಯವರಿಗೆ ಔರಾದ್ ಹಳ್ಳಿಗಳ ಮರಾಠಿಯನ್ನೂ ಸೇರಿಸಿಕೊಳ್ಳಿ.

ಗುರುಮಠಕಲ್ ಗಡಿ
ಈ ಸಲದ ಜಾತ್ರೆಗೆ ಇಲ್ಲಿಂದ ಯಾರಾದರೂ ಜೀಪು ಮಾಡುತ್ತಿದ್ದೀರಾ?

ನಿರ್ವಾಹಕ
ಜಾತ್ರೆಯ ಜೀಪಿಗೆ ಬೇರೆ ಎಳೆ ಇದೆ. ಇಲ್ಲಿ ತರಬೇತಿಯ ಮಾತು ಮಾತ್ರ.

ಕಲಬುರಗಿ ಕಥೋಲಿಕ
ನಾನು ನಿಮ್ಮ ಸಭೆಯವನಲ್ಲ, ಆದರೆ ಈ ಪ್ರಶ್ನೆಯ ಮೇಲೆ ನಮ್ಮಲ್ಲಿ ಶತಮಾನಗಳಿಂದ ಕಾಗದ ಖರ್ಚಾಗಿದೆ. ನಮ್ಮ ಕಲಬುರಗಿ ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) 2005ರದು, ಎಳೆಯದು. ಗುರುಮಠದ ವ್ಯವಸ್ಥೆ ಮಾತ್ರ 1563ರಷ್ಟು ಹಳೆಯದು. ಪ್ರತಿ ಧರ್ಮಕ್ಷೇತ್ರವೂ ಯಾಜಕರಾಗುವವರಿಗೆ ಗುರುಮಠ ನಡೆಸಬೇಕೆಂದು ಟ್ರೆಂಟ್ ಮಹಾಸಭೆ ಆ ವರ್ಷ ವಿಧಿಸಿತು. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ತರಬೇತಿಗೆ ನಾಲ್ಕು ಮುಖಗಳನ್ನು ಹೇಳಿದರು: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಪಾಲನಾ. ಮಾನವೀಯ ಎಂಬುದು ಮೊದಲು ಬರುವುದನ್ನು ಗಮನಿಸಿ. ಸಿಟ್ಟನ್ನು ಹಿಡಿಯಲಾರದವನು, ಮಾತು ಉಳಿಸಿಕೊಳ್ಳದವನು ಎಷ್ಟು ಪ್ರಾರ್ಥಿಸಿದರೂ ಜನ ಅವನ ಹತ್ತಿರ ಬರುವುದಿಲ್ಲ.

ಕಾರಂಜಾ ದಂಡೆಯವರು ‘ನೋಡುವವರು ಯಾರು’ ಎಂದು ಕೇಳಿದ್ದಾರೆ. ಇದಕ್ಕೆ ನಮ್ಮಲ್ಲಿ ಒಂದು ವಿಚಿತ್ರವೆನಿಸುವ ಕಟ್ಟಳೆ ಇದೆ. ಗುರುಮಠದಲ್ಲಿ ಹುಡುಗನ ಅಂತರಂಗವನ್ನು ಕೇಳಿಸಿಕೊಳ್ಳಲು ಆಧ್ಯಾತ್ಮಿಕ ನಿರ್ದೇಶಕರೊಬ್ಬರು ಇರುತ್ತಾರೆ, ಪಾಪನಿವೇದನೆ ಕೇಳುವ ಗುರುಗಳೂ ಇರುತ್ತಾರೆ. ಆ ಹುಡುಗನಿಗೆ ಯಾಜಕದೀಕ್ಷೆ ಕೊಡಬೇಕೇ, ಮನೆಗೆ ಕಳುಹಿಸಬೇಕೇ ಎಂದು ನಿರ್ಧರಿಸುವಾಗ ಇವರ ಅಭಿಪ್ರಾಯವನ್ನು ಕೇಳಲೇಬಾರದು. ನಮ್ಮ ಸಭೆಯ 1983ರ ಕಾನೂನು ಸಂಹಿತೆಯ 240ನೆಯ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಅವನನ್ನು ಅತ್ಯಂತ ಹತ್ತಿರದಿಂದ ಬಲ್ಲವರಿಗೇ ಅಂಕ ಹಾಕುವ ಅಧಿಕಾರವಿಲ್ಲ. ಅಧಿಕಾರವಿದ್ದರೆ ಅವನು ಬಾಯಿ ಬಿಡುವುದಿಲ್ಲ, ಚೆನ್ನಾಗಿ ಕಾಣಿಸುವುದನ್ನು ಮಾತ್ರ ಹೇಳುತ್ತಾನೆ.

ಕಾರಂಜಾ ದಂಡೆ (ಭಾಲ್ಕಿ)
ಇದು ನನಗೆ ಹೊಸದು. ನಮ್ಮಲ್ಲಿ ಅಯ್ಯನವರೇ ಹೃದಯ ಕೇಳುವವರು, ಅಯ್ಯನವರೇ ಶಿಫಾರಸು ಮಾಡುವವರು, ಸಂಬಳದ ಮಾತು ಬಂದರೆ ಅದಕ್ಕೂ ಅವರೇ.

ವಾಡಿ ಜಂಕ್ಷನ್
ನಮ್ಮಲ್ಲಿ ಪಾಸ್ಟರರ ಮುಂದೆ ಮುಚ್ಚಿಡುವುದು ಏನೂ ಇರುವುದಿಲ್ಲ. ಅದು ಅಪನಂಬಿಕೆಯ ವ್ಯವಸ್ಥೆ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಏನೂ ಮುಚ್ಚಿಡುವುದಿಲ್ಲ ಎಂದು ಪಾಸ್ಟರರು ಹೇಳುತ್ತಾರೋ, ಹುಡುಗರು ಹೇಳುತ್ತಾರೋ?

ಕಲ್ಯಾಣದ ಓದುಗ
ನಾನು ಕ್ರೈಸ್ತನಲ್ಲ, ಬಸವಕಲ್ಯಾಣದವನು, ಸುಮ್ಮನೆ ಓದುತ್ತಿದ್ದೆ. ನಿಮ್ಮ ಜಗಳ ಕಂಡು ನಮ್ಮ ಮಠಗಳ ಜಗಳ ನೆನಪಾಯಿತು. ಮರಿಸ್ವಾಮಿಯನ್ನು ಕಾಶಿಗೋ ಮೈಸೂರಿಗೋ ಕಳುಹಿಸಿ ಸಂಸ್ಕೃತ ಕಲಿಸುತ್ತಾರೆ. ಅವನು ವ್ಯಾಕರಣ ಕಲಿತು ಬರುತ್ತಾನೆ, ಭಕ್ತನ ಮನೆಯಲ್ಲಿ ಸಾವಾದಾಗ ಏನು ಮಾತನಾಡಬೇಕೆಂದು ತಿಳಿಯದೆ ನಿಲ್ಲುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಬಿಡದೆ ಅನುಭಾವಕ್ಕೆ ಕೂತರು, ಒಬ್ಬರನ್ನೊಬ್ಬರು ಪ್ರಶ್ನಿಸಿದರು. ನಿಮ್ಮ ಮಾಸ್ತರರು ಹೇಳಿದ ಹನ್ನೆರಡು ಜನರ ಕೂಟ ಓದಿ ಅದೇ ನೆನಪಾಯಿತು. ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಬೇಡ.

ಮಂಗಲಪೇಟೆ ಹಳೆಯವ (ಬೀದರ್)
ಬೇಸರ ಏಕೆ ಸ್ವಾಮಿ, ಬನ್ನಿ. ಕಾಯಕದ ಮಾತು ನಮಗೂ ಬೇಕು. ಪೌಲನು ಗುಡಾರ ಹೊಲಿಯುತ್ತಲೇ ಬೋಧಿಸಿದವನು.

ತೊಗರಿ ಸಾಲು
ಇಷ್ಟು ಹೊತ್ತು ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕಾರಂಜಾ ದಂಡೆ ಅಣ್ಣ ಹೇಳಿದ ಯೋಜನೆಯಂಥದ್ದೇ ನಮ್ಮ ತಾಲ್ಲೂಕಿನಲ್ಲೂ ಇದೆ, ಆರಿಸಿದವರಲ್ಲಿ ನಾನೂ ಒಬ್ಬ. ಹಗಲು ದಾಲ್ ಮಿಲ್ಲಿನಲ್ಲಿ ಕೆಲಸ. ನನ್ನ ಕಷ್ಟವನ್ನು ನಿಮ್ಮಲ್ಲಿ ಯಾರೂ ಹೇಳಲಿಲ್ಲ. ‘ಕ್ರಿಸ್ತನಿಗೆ ಹತ್ತಿರ ಇರುವವನು’ ಎಂದು ನನ್ನನ್ನು ಆರಿಸಿದರು. ಆರಿಸಿದ ದಿನದಿಂದ ಪ್ರಾರ್ಥನೆ ಒಣಗಿದೆ. ಮೊಣಕಾಲೂರುತ್ತೇನೆ, ಮಾತು ಬರುವುದಿಲ್ಲ. ಕೂಟದಲ್ಲಿ ಅಳುತ್ತ ಜೋರಾಗಿ ಪ್ರಾರ್ಥಿಸುವವರನ್ನು ನೋಡಿ ಜನ ‘ಆತ್ಮ ಇಳಿದಿದೆ’ ಎನ್ನುತ್ತಾರೆ. ನನಗೆ ಅಳು ಬರುವುದಿಲ್ಲ. ಹೆಸರು ಹಿಂದೆ ತೆಗೆದುಕೊಳ್ಳಲೇ?

ಕಲಬುರಗಿ ಕಥೋಲಿಕ
ಬೇಡ ತಮ್ಮ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಲೋಕ ಬೆರಗಾಯಿತು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಕತ್ತಲೆ ಮಾತ್ರ ಎಂದು ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಮುಂಜಾನೆ ಪ್ರಾರ್ಥನಾ ಮಂದಿರಕ್ಕೆ ಹೋಗುವುದನ್ನು ಬಿಡಲಿಲ್ಲ, ಬೀದಿಯಲ್ಲಿ ಬಿದ್ದವರನ್ನು ಎತ್ತುವುದನ್ನೂ ಬಿಡಲಿಲ್ಲ.

ಬಲ್ಮಠದ ಹುಡುಗ
ಕೀರ್ತನೆ 88 ಓದು. ಉಳಿದ ಅಳಲಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ, ಅದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ದೇವರನ್ನು ಕರೆದೇ ಬರೆದ ಕೀರ್ತನೆ. ನಿನಗೆ ಮಾತು ಬರದಿದ್ದರೆ ಅದರ ಮಾತನ್ನೇ ಹೇಳು. ಅದಕ್ಕಾಗಿಯೇ ಇರುವುದು.

ವಾಡಿ ಜಂಕ್ಷನ್
ತಮ್ಮ, ಇಲ್ಲಿ ನನಗೂ ಇವರಿಗೂ ಜಗಳವಿಲ್ಲ. ನಮ್ಮ ದರ್ಜಿ ಪಾಸ್ಟರರನ್ನು ಒಮ್ಮೆ ಇದನ್ನೇ ಕೇಳಿದ್ದೆ. ‘ಒಣಗಿದ ದಿನ ಏನು ಮಾಡುತ್ತೀರಿ?’ ಎಂದರೆ, ‘ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ, ಕೊಟ್ಟ ದಿನಕ್ಕೆ ಬಟ್ಟೆ ಮುಗಿಸುತ್ತೇನೆ, ರಾತ್ರಿ ಒಂದು ಅಧ್ಯಾಯ ಓದಿ ಮಲಗುತ್ತೇನೆ’ ಎಂದರು. ಇನ್ನೇನೂ ಹೇಳಲಿಲ್ಲ. ಸೋಮವಾರ ನನಗೆ ರಜೆ, ವಾಡಿಗೆ ಬಂದರೆ ಅವರನ್ನು ಭೇಟಿ ಮಾಡಿಸುತ್ತೇನೆ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ವಾಡಿಯಣ್ಣ, ನಿಮ್ಮ ಪಾಸ್ಟರರು ರಾತ್ರಿ ಒಂದು ಅಧ್ಯಾಯ ಓದುತ್ತಾರಲ್ಲ. ವರ್ಷಗಳ ಲೆಕ್ಕ ಹಿಡಿದರೆ ಅವರು ಬೈಬಲನ್ನು ಎಷ್ಟು ಸಲ ಮುಗಿಸಿರಬೇಕು? ಓದಿಲ್ಲದವರು ಎಂದು ನೀವು ಹೇಳಿದ್ದು ಅವರನ್ನೇ ಅಲ್ಲವೇ.

ವಾಡಿ ಜಂಕ್ಷನ್
ಅದು ಓದಲ್ಲ, ಧ್ಯಾನ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಸರಿ, ಹಾಗೆಯೇ ಕರೆಯಿರಿ. ಹುಡುಗರಿಗೂ ಅದನ್ನೇ ಮಾಡಿಸಿ.

ಪಾಸ್ಟರಮ್ಮ (ಶಹಾಪುರ)
ಅಡಿಗೆ ಮುಗಿಸಿ ಈಗ ಎಲ್ಲವನ್ನೂ ಓದಿದೆ. ನಾಲ್ವರು ಯುವಕರು ಎಂದು ಮೊದಲ ಪತ್ರದಲ್ಲಿದೆ. ಒಬ್ಬ ಹುಡುಗಿಯೂ ಇಲ್ಲವೇ? ವೆಸ್ಲಿ ಬಂದ, ಸುಂದರ ಸಿಂಗರು ಬಂದರು, ರಮಾಬಾಯಿಯವರೂ ಬಂದರು. ಆದರೆ ಭಾಲ್ಕಿಯ ಪಟ್ಟಿಯಲ್ಲಿ ಹೆಣ್ಣಿನ ಹೆಸರಿಲ್ಲ ಎಂದು ಇಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಮಾಸ್ತರರು ವೆಸ್ಲಿಯ ಕತೆಯಲ್ಲಿ ಅವನ ತಾಯಿಯನ್ನು ಬಿಟ್ಟರು. ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಯುವಕ ಪ್ರಸಂಗ ಮಾಡಿದನೆಂದು ಕೇಳಿ ವೆಸ್ಲಿ ತಡೆಯಲು ಓಡಿ ಬಂದ. ಸುಸನ್ನಾ ಅಡ್ಡ ನಿಂತು, ನಿನ್ನಷ್ಟೇ ಖಂಡಿತವಾಗಿ ಅವನೂ ದೇವರಿಂದ ಕರೆಯಲ್ಪಟ್ಟವನು, ಮೊದಲು ಅವನ ಮಾತು ಕೇಳು ಎಂದಳು. ಕೇಳಿದ ಮೇಲೆ ವೆಸ್ಲಿ ಒಪ್ಪಿದ. ದೀಕ್ಷೆಯಿಲ್ಲದ ಬೋಧಕರಿಗೆ ನಮ್ಮಲ್ಲಿ ದಾರಿಯಾದದ್ದು ಒಬ್ಬ ತಾಯಿಯ ಕಿವಿಯಿಂದ. ಬೈಬಲಿನಲ್ಲೂ ನೋಡಿ, ಅಪೊಲ್ಲೋಸ ವಾಕ್ಚತುರ, ಶಾಸ್ತ್ರ ಬಲ್ಲವನು, ಆದರೂ ಅವನಿಗೆ ಕೊರತೆಯಿತ್ತು. ಅವನನ್ನು ಕರೆದು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿದವರು ಪ್ರಿಸ್ಕಿಲ್ಲ, ಅಕ್ವಿಲ. ಗಂಡ ಹೆಂಡತಿ, ಗುಡಾರ ಮಾಡುವವರು. ಅಮೆರಿಕದ ಮೆಥಡಿಸ್ಟ್ ಸಭೆ 1956ರಲ್ಲಿ ಸ್ತ್ರೀಯರಿಗೆ ಸಭಾಪಾಲನೆಯ ಪೂರ್ಣ ಹಕ್ಕು ಕೊಟ್ಟಾಗ ನಾವೂ ಅದೇ ಸಭೆಯಲ್ಲಿದ್ದೆವು. ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾದದ್ದು 1981ರಲ್ಲಿ.

ಇನ್ನು ಸಾಮೀಪ್ಯ. ಪಾಸ್ಟರರ ಹೆಂಡತಿಯಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ವೇದಿಕೆಯ ಮೇಲೆ ಅದು ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ಬಾಗಿಲು ಬಡಿದಾಗ ಮುಖ ಹೇಗಾಗುತ್ತದೆ, ತನಗಿಂತ ಬಡವನೊಡನೆ ಏಕವಚನದಲ್ಲಿ ಮಾತನಾಡುತ್ತಾನೋ ಬಹುವಚನದಲ್ಲೋ, ಮನೆಯಲ್ಲಿ ತಟ್ಟೆ ತೊಳೆಯುತ್ತಾನೋ ಇಲ್ಲವೋ, ಅಲ್ಲಿ ಕಾಣುತ್ತದೆ. ತನ್ನ ಮನೆಯನ್ನು ಆಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಪೌಲನೇ ಬರೆದಿದ್ದಾನೆ. ಕಮಿಟಿಯವರು ಹುಡುಗನ ತಾಯಿಯನ್ನು, ತಂಗಿಯನ್ನು ಕೇಳಿದ್ದಾರೆಯೇ?

ಗುರುಮಠಕಲ್ ಗಡಿ
ತಂಗಿಯನ್ನು ಕೇಳಿದರೆ ನಮ್ಮೂರಿನಲ್ಲಿ ಒಬ್ಬ ನಾಯಕನೂ ಉಳಿಯುವುದಿಲ್ಲ ಅಕ್ಕ.

ಮಂಗಲಪೇಟೆ ಹಳೆಯವ (ಬೀದರ್)
ಅಮ್ಮನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮೆಥಡಿಸ್ಟ್ ಪರಂಪರೆಯಲ್ಲಿ ದೀಕ್ಷೆಗೆ ನಿಂತವರಿಗೆ ವೆಸ್ಲಿಯ ಕಾಲದಿಂದ ಬಂದ ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು: ನಿನಗೆ ಕ್ರಿಸ್ತನಲ್ಲಿ ನಂಬಿಕೆ ಇದೆಯೇ? ಪ್ರೀತಿಯಲ್ಲಿ ಪರಿಪೂರ್ಣತೆಯ ಕಡೆಗೆ ಸಾಗುತ್ತಿದ್ದೀಯಾ ಎಂಬುದೂ ಇದೆ. ಅದೇ ಉಸಿರಿನಲ್ಲಿ, ನಿನ್ನ ಕೆಲಸಕ್ಕೆ ಅಡ್ಡಿಯಾಗುವಷ್ಟು ಸಾಲ ನಿನಗಿದೆಯೇ ಎಂದೂ ಕೇಳುತ್ತಾರೆ. ನಂಬಿಕೆಯನ್ನೂ ಸಾಲವನ್ನೂ ಒಂದೇ ಪಟ್ಟಿಯಲ್ಲಿಟ್ಟ ಮುದುಕನಿಗೆ ಮನುಷ್ಯರು ಗೊತ್ತಿದ್ದರು. ಭಾಲ್ಕಿಯವರ ಹಳೆಯ ‘ಪ್ರಾರ್ಥನೆಯ ಮನುಷ್ಯ’ನಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೇ?

ಕಾರಂಜಾ ದಂಡೆ (ಭಾಲ್ಕಿ)
ಕೇಳಿರಲಿಲ್ಲ. ಆತನಿಗೆ ಟ್ರ್ಯಾಕ್ಟರ್ ಸಾಲವಿತ್ತು ಎಂದು ಊರಿಗೆಲ್ಲ ಗೊತ್ತಿತ್ತು.

ತೊಗರಿ ಸಾಲು
ಎಲ್ಲರಿಗೂ ವಂದನೆಗಳು. ಹೆಸರು ಹಿಂದೆ ತೆಗೆದುಕೊಳ್ಳುವುದಿಲ್ಲ. ಒಂದು ಮಾತು. ತೊಗರಿ ಸಾಲುಗಳ ನಡುವೆ ಹೆಸರುಕಾಳು ಹಾಕುತ್ತೇವೆ. ಹೆಸರು ಎರಡು ಮೂರು ತಿಂಗಳಿಗೆ ಕೈಗೆ ಬರುತ್ತದೆ, ತೊಗರಿ ನಿಧಾನಕ್ಕೆ ಬೆಳೆಯುತ್ತದೆ. ಪರೀಕ್ಷೆ, ಪ್ರಮಾಣಪತ್ರ ಬೇಗ ಬರಲಿ, ಇನ್ನೊಂದಕ್ಕೆ ಕಾಯುವ ತಾಳ್ಮೆ ಕಮಿಟಿಗೆ ಇರಲಿ. ಒಂದು ವರ್ಷದಲ್ಲಿ ಎರಡನ್ನೂ ರಾಶಿ ಮಾಡಬೇಕೆಂದರೆ ಆಗುವುದಿಲ್ಲ.

ಬಲ್ಮಠದ ಹುಡುಗ
ಕೆಲಸ ಬಿಟ್ಟು ಹೋಗಲಾಗದವರಿಗೆ ಮನೆಯಲ್ಲೇ ಓದುವ ವಿಸ್ತರಣಾ ಕ್ರಮ ಇದೆ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರು ಶುರು ಮಾಡಿದ್ದು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲ, ಮನೆ ಬಿಟ್ಟು ನಗರದ ಸೆಮಿನರಿಗೆ ಬರಲಾರರು ಎಂದು ಕಂಡು, ಸೆಮಿನರಿಯೇ ಅವರ ಬಳಿಗೆ ಹೊರಟಿತು. ದಿನವೂ ಮನೆಯಲ್ಲಿ ಪಾಠದ ಪುಸ್ತಕ, ವಾರಕ್ಕೊಮ್ಮೆ ಶಿಕ್ಷಕರೊಡನೆ ಕೂಟ. ನಮ್ಮ ದೇಶದಲ್ಲಿ ಬೆಂಗಳೂರಿನ ತಾಫ್ಟೀ ಸಂಸ್ಥೆ ಇದನ್ನು ಭಾರತೀಯ ಭಾಷೆಗಳಲ್ಲೂ ನಡೆಸುತ್ತದೆ. ದಾಲ್ ಮಿಲ್ಲಿನ ಕೆಲಸದ ಜೊತೆಗೆ ಆಗುವಂಥದ್ದು.

ಕಾರಂಜಾ ದಂಡೆ (ಭಾಲ್ಕಿ)
ಮುಂದಿನ ಸಭೆಗೆ ಹೀಗೆ ಬರೆದುಕೊಂಡಿದ್ದೇನೆ, ಹರಿದು ಹಾಕುವವರು ಈಗಲೇ ಹರಿಯಿರಿ. ನಾಲ್ವರು ಅಲ್ಲ, ಆರು ಮಂದಿ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಓದು ಮನೆಯಲ್ಲಿ, ವಾರಕ್ಕೊಂದು ರಾತ್ರಿ ಎಲ್ಲರೂ ಕೂಡುವುದು. ಆ ರಾತ್ರಿ ಮೊದಲು ‘ಈ ವಾರ ಹೇಗಿದ್ದೆ’ ಎಂಬ ಪ್ರಶ್ನೆ, ಆಮೇಲೆ ಪಾಠ. ಹೃದಯ ಕೇಳಲು ಕಮಿಟಿಯಲ್ಲಿ ಇಲ್ಲದ ಒಬ್ಬ ಹಿರಿಯರು, ಒಬ್ಬ ಹಿರಿಯಮ್ಮ. ಅವರು ಏನು ಕೇಳಿದರೋ ಅದು ಅವರಲ್ಲೇ ಉಳಿಯಬೇಕು, ನಡಾವಳಿಗೆ ಬರುವುದಿಲ್ಲ. ಅಯ್ಯನವರಿಗೆ ವರ್ಗವಾದರೂ ಈ ಇಬ್ಬರು ಊರಿನಲ್ಲೇ ಇರುತ್ತಾರೆ, ಅದೂ ಒಂದು ಅನುಕೂಲ. ಕಾಣಿಕೆ ಲೆಕ್ಕವನ್ನು ಮೊದಲ ತಿಂಗಳಿಂದಲೇ ಇಬ್ಬಿಬ್ಬರಿಗೆ ಸರದಿಯಲ್ಲಿ ಕೊಡುವುದು.

ವಾಡಿ ಜಂಕ್ಷನ್
ಉಪವಾಸ ಎಲ್ಲಿ ಹೋಯಿತು?

ಮಂಗಲಪೇಟೆ ಹಳೆಯವ (ಬೀದರ್)
ಈ ಒಂದು ಸಲ ವಾಡಿಯವರ ಪಕ್ಷ ನಾನು. ವೆಸ್ಲಿ ಆಕ್ಸ್‌ಫರ್ಡಿನ ದಿನಗಳಲ್ಲಿ ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿದ್ದ. ಕೂಟವನ್ನು ಶುಕ್ರವಾರ ಇಡಿ, ಉಪವಾಸ ಬಿಡುವ ಊಟವನ್ನು ಅಲ್ಲೇ ಮಾಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ಯಾರೂ ಬರುವುದಿಲ್ಲ, ಆಗ ಹೊಲದಲ್ಲೇ ಕೂಡಿರಿ.

ಸಂಡೇಸ್ಕೂಲ್ ಟೀಚರ್ (ಕಲಬುರಗಿ)
ಅಡಿಗೆ ಮಾಡುವುದು ಯಾರು? ಆ ಇಬ್ಬರು ಹೆಣ್ಣುಮಕ್ಕಳೇ ಎಂದಾದರೆ ಅವರ ಪಾಠ ಒಲೆಯ ಮುಂದೆ ಮುಗಿಯಿತು ಎಂದು ಬರೆದುಕೊಳ್ಳಿ.

ಗುರುಮಠಕಲ್ ಗಡಿ
ಹುಡುಗರು ರೊಟ್ಟಿ ಬಡಿಯಲಿ. ಅದನ್ನೂ ಪಠ್ಯಕ್ರಮಕ್ಕೆ ಸೇರಿಸಿ, ಪರೀಕ್ಷೆಯನ್ನು ಪಾಸ್ಟರಮ್ಮನವರು ತೆಗೆದುಕೊಳ್ಳಲಿ.

ಪಾಸ್ಟರಮ್ಮ (ಶಹಾಪುರ)
ನಗಬೇಡಿ, ನಾನು ಬರುತ್ತೇನೆ. ಕಾರಂಜಾ ದಂಡೆಯವರೇ, ಆ ಇಬ್ಬರು ಹೆಣ್ಣುಮಕ್ಕಳ ಹೆಸರು ಮುಂದಿನ ನಡಾವಳಿಯಲ್ಲಿ ಬರಬೇಕು. ‘ಸೂಕ್ತರು ಸಿಗಲಿಲ್ಲ’ ಎಂಬ ಉತ್ತರ ಬಂದರೆ ನಮ್ಮ ಸಭೆಯ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗೆ ನಾನೇ ಪತ್ರ ಬರೆಯುತ್ತೇನೆ.

ಕಾರಂಜಾ ದಂಡೆ (ಭಾಲ್ಕಿ)
ಸಭೆ ಭಾನುವಾರ ಆರಾಧನೆಯ ನಂತರ. ಫಲಿತಾಂಶವನ್ನು ಅಂದೇ ರಾತ್ರಿ ಇಲ್ಲಿ ಹಾಕುತ್ತೇನೆ ಅಮ್ಮ. ಅಲ್ಲಿಯವರೆಗೆ ಪತ್ರ ಬೇಡ.